ಹಿತ್ತಲ ಗಿಡವೂ ಮದ್ದೇ, ಆದರೆ ಎಲ್ಲಿಯವರೆಗೆ?

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ಹಳೆಯ ಗಾದೆ. ಕಣ್ಣೆದುರಿಗೇ ಇರುವ ವಸ್ತುವಿಗೆ ಬೆಲೆ ಇಲ್ಲ ಎಂಬ ಅರ್ಥದಲ್ಲಿ ಹಿರಿಯರು ಅದನ್ನು ಹೇಳುತ್ತಿದ್ದರು. ಈಗ ಗಾದೆಯೇ ತಿರುಗಿಬಿಟ್ಟಿದೆ. ಹಿತ್ತಲಲ್ಲಿ ಬೆಳೆದದ್ದೆಲ್ಲ ಮದ್ದು, ಅಂಗಡಿಯಲ್ಲಿ ಸಿಗುವುದೆಲ್ಲ ವಿಷ ಎನ್ನುವವರು ಹೆಚ್ಚಾಗಿದ್ದಾರೆ. ‘ಆಂಟಿ ಆಕ್ಸಿಡೆಂಟ್’ ಎಂಬ ಪದ ಹಳ್ಳಿಯ ಕಿರಾಣಿ ಅಂಗಡಿಯ ಡಬ್ಬಿಯ ಮೇಲೂ ಬಂದಿದೆ. ‘ಡಾಕ್ಟರೇ, ಅರಿಶಿನದಲ್ಲಿ ರೋಗಾಣು ಕೊಲ್ಲುವ ಶಕ್ತಿ ಇದೆಯಂತಲ್ಲ, ಮತ್ತೆ ಈ ಮಾತ್ರೆ ಏಕೆ?’ ಎಂದು ಓದುಬರಹ ಬಲ್ಲವರೇ ಕೇಳುತ್ತಾರೆ.

ಪ್ರಶ್ನೆ ತಪ್ಪಲ್ಲ. ಅರಿಶಿನ, ಬೇವು, ತುಳಸಿ, ಬೆಳ್ಳುಳ್ಳಿಗಳಲ್ಲಿ ರೋಗಾಣುಗಳನ್ನು ತಡೆಯುವ ಅಂಶಗಳು ಇರುವುದು ನಿಜ. ಆದರೆ ‘ಇದೆ’ ಎನ್ನುವುದಕ್ಕೂ ‘ಕಾಯಿಲೆ ವಾಸಿಮಾಡುತ್ತದೆ’ ಎನ್ನುವುದಕ್ಕೂ ನಡುವೆ ದೊಡ್ಡ ಹೊಳೆಯೇ ಹರಿಯುತ್ತದೆ. ಆ ಹೊಳೆಯನ್ನು ದಾಟುವುದು ಹೇಗೆ ಎಂಬುದನ್ನು ಈ ವಾರ ನೋಡೋಣ.

ಥಾಯ್ಲೆಂಡಿನ ಹಿತ್ತಲು, ನಮ್ಮ ಹಿತ್ತಲು

ಮನೆಮದ್ದು ನಮ್ಮ ದೇಶದ ಸ್ವತ್ತು ಮಾತ್ರವಲ್ಲ. ದೂರದ ಥಾಯ್ಲೆಂಡಿನವರ ಹಿತ್ತಲನ್ನು ಹೊಕ್ಕರೆ ನಮಗೆ ಅರ್ಧಕ್ಕರ್ಧ ಗಿಡಗಳ ಪರಿಚಯ ಇದ್ದೇ ಇರುತ್ತದೆ. ಅವರೂ ಅರಿಶಿನ, ಶುಂಠಿ, ತುಳಸಿ, ಒಂದೆಲಗಗಳನ್ನು ಬಳಸುತ್ತಾರೆ. ನಾವು ಮಜ್ಜಿಗೆಗೆ, ಕಷಾಯಕ್ಕೆ ಹಾಕುವ ಮಜ್ಜಿಗೆ ಹುಲ್ಲು ಅವರ ಸಾರಿಗೆ ಬೇಕೇ ಬೇಕು. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ನೆಲಬೇವು ಅಲ್ಲಿ ‘ಫಾ ಥಲಾಯ್ ಜೋನ್’ ಎಂಬ ಹೆಸರಿನಿಂದ ಪ್ರಸಿದ್ಧ. ಅದು ಆ ದೇಶದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲೂ ಸೇರಿದೆ. ಕೋವಿಡ್ ಕಾಲದಲ್ಲಿ, ಸೌಮ್ಯ ಲಕ್ಷಣಗಳಿದ್ದವರಿಗೆ ಕೊಡಲು ಅಲ್ಲಿನ ಸರ್ಕಾರವೇ ಅನುಮತಿ ನೀಡಿತ್ತು. ಅದೇ ನೆಲಬೇವಿನಿಂದ ಕೆಲವರಿಗೆ ಜೀವಕ್ಕೇ ಅಪಾಯ ತರುವಂಥ ಅಲರ್ಜಿ ಆಗಬಹುದೆಂದು ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆಯನ್ನೂ ಕೊಟ್ಟಿದೆ. ಗಿಡ ಒಂದೇ, ಒಂದು ದೇಶದಲ್ಲಿ ಪಟ್ಟಿಗೆ ಸೇರಿತು, ಇನ್ನೊಂದರಲ್ಲಿ ಎಚ್ಚರಿಕೆಗೆ ಪಾತ್ರವಾಯಿತು. ಮದ್ದು ಎನಿಸಿಕೊಂಡ ಯಾವ ವಸ್ತುವಿಗೂ ಈ ಎರಡು ಮುಖಗಳಿವೆ.

ತುಕ್ಕು ಹಿಡಿಯುವ ದೇಹ

ಆಂಟಿ ಆಕ್ಸಿಡೆಂಟ್ ಎಂದರೇನು? ಹೆಚ್ಚಿದ ಬದನೆಕಾಯಿಯನ್ನು ಹಾಗೇ ಇಟ್ಟರೆ ಕಪ್ಪಾಗುತ್ತದೆ. ಕುಡಗೋಲನ್ನು ಮಳೆಯಲ್ಲಿ ಮರೆತರೆ ತುಕ್ಕು ಹಿಡಿಯುತ್ತದೆ. ಶೇಂಗಾ ಎಣ್ಣೆ ಹಳತಾದರೆ ಕಮಟು ವಾಸನೆ ಬರುತ್ತದೆ. ಇವೆಲ್ಲ ಗಾಳಿಯಲ್ಲಿರುವ ಆಮ್ಲಜನಕದ ಕೆಲಸ. ನಮ್ಮ ದೇಹದಲ್ಲೂ ಆಹಾರ ಉರಿದು ಶಕ್ತಿಯಾಗುವಾಗ ಒಲೆಯಿಂದ ಕಿಡಿ ಸಿಡಿದ ಹಾಗೆ ಕೆಲವು ಪುಂಡ ಕಣಗಳು ಹುಟ್ಟುತ್ತವೆ. ಅವು ಜೀವಕೋಶದ ಹೊದಿಕೆಯನ್ನೂ ಒಳಗಿನ ವಂಶವಾಹಿಗಳನ್ನೂ ಹಾಳುಮಾಡಬಲ್ಲವು. ಬೀಡಿ, ಸಿಗರೇಟು, ಒಲೆಯ ಹೊಗೆ, ಮದ್ಯ ಇವು ಆ ಕಿಡಿಗಳನ್ನು ಹೆಚ್ಚಿಸುತ್ತವೆ. ಕಿಡಿ ಆರಿಸುವ ವಸ್ತುಗಳೇ ಆಂಟಿ ಆಕ್ಸಿಡೆಂಟ್‌ಗಳು. ಅವುಗಳಲ್ಲಿ ಕೆಲವನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. ‘ಸಿ’ ಮತ್ತು ‘ಇ’ ಜೀವಸತ್ವ, ಹಣ್ಣು ತರಕಾರಿಗಳ ಕೆಂಪು, ಹಳದಿ, ನೇರಳೆ ಬಣ್ಣಗಳು ಆಹಾರದಿಂದ ಬರುತ್ತವೆ.

ಇದನ್ನು ತಿಳಿದ ವಿಜ್ಞಾನಿಗಳಿಗೆ ಒಂದು ಆಸೆ ಹುಟ್ಟಿತು. ತರಕಾರಿ ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆ. ಹಾಗಾದರೆ ಗಜ್ಜರಿಯಲ್ಲಿರುವ ಬೀಟಾ ಕ್ಯಾರೊಟಿನ್ ಅನ್ನೇ ಮಾತ್ರೆಯಾಗಿ ಕೊಟ್ಟರೆ ಹೇಗೆ? ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು! ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅದೇ ಕಾರಣಕ್ಕಾಗಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಗಜ್ಜರಿ ತಿನ್ನುವುದು ಬೇರೆ, ಅದರ ಒಂದಂಶವನ್ನು ಹಿಂಡಿ ತೆಗೆದು ದಿನವೂ ದೊಡ್ಡ ಪ್ರಮಾಣದಲ್ಲಿ ನುಂಗುವುದು ಬೇರೆ. ಬೀಡಿ ಬಿಡದೆ ಮಾತ್ರೆ ನುಂಗಿ ಪುಪ್ಪುಸ ಉಳಿಸಿಕೊಳ್ಳಲು ಹೊರಟವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಬ್ಯಾಡಗಿಯ ಕೆಂಪು

ನಮ್ಮ ನೆರೆಯ ಬ್ಯಾಡಗಿಯ ಮೆಣಸಿನಕಾಯಿ ಜಗತ್ಪ್ರಸಿದ್ಧ. ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆ ಕಡುಗೆಂಪು ಬಣ್ಣ ಕ್ಯಾಪ್ಸಾಂತಿನ್ ಮೊದಲಾದ ವಸ್ತುಗಳಿಂದ ಬರುತ್ತದೆ. ಇವೂ ಗಜ್ಜರಿಯ ಬಣ್ಣದ ಬಳಗಕ್ಕೇ ಸೇರಿದ ಆಂಟಿ ಆಕ್ಸಿಡೆಂಟ್‌ಗಳು.

ಮೆಣಸಿನಕಾಯಿಗೂ ನೊಬೆಲ್ ಬಹುಮಾನಕ್ಕೂ ನಂಟಿದೆ ಎಂದರೆ ನಂಬುತ್ತೀರಾ? ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಜ್ಯೋರ್ಜಿ ‘ಸಿ’ ಜೀವಸತ್ವವನ್ನು ಸಾಕಷ್ಟು ಪ್ರಮಾಣದಲ್ಲಿ ತೆಗೆಯಲು ದಾರಿ ಕಾಣದೆ ಇದ್ದಾಗ, ಅವರ ಕೈಹಿಡಿದದ್ದು ತಮ್ಮ ಊರು ಸೆಗೆಡ್‌ನ ಸುತ್ತ ಬೆಳೆಯುತ್ತಿದ್ದ ಕೆಂಪು ಮೆಣಸಿನಕಾಯಿ. 1937ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಒಂದು ಮಾತು. ‘ಸಿ’ ಜೀವಸತ್ವ ಇರುವುದು ಹಸಿ ಕಾಯಿಯಲ್ಲಿ. ಕಣದಲ್ಲಿ ಬಿಸಿಲಿಗೆ ಒಣಗಿಸಿದಾಗ ಅದರ ಬಹುಪಾಲು ಹೋಗಿ ಬಣ್ಣ ಉಳಿಯುತ್ತದೆ. ಬಣ್ಣವೂ ಬೆಳಕಿಗೆ ಮಾಸುವುದರಿಂದ ಖಾರದ ಪುಡಿಯನ್ನು ಬೆಳಕು ತಾಗದ, ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು.

ಮೆಣಸಿನಕಾಯಿಯನ್ನು ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದರೆ ಬೂಸ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗಬಹುದು. ಇದು ಯಕೃತ್ತಿಗೆ ಮಾರಕ. ಅಡುಗೆಯ ಶಾಖಕ್ಕೆ ಇದು ಪೂರ್ಣ ನಾಶವಾಗುವುದಿಲ್ಲ. ಆದ್ದರಿಂದ ಬೂಸ್ಟು ಹಿಡಿದ ಕಾಯಿಯನ್ನು ‘ಹುರಿದರಾಯಿತು’ ಎಂದು ಉಳಿಸಬೇಡಿ, ಬಿಸಾಡಿ. ಹೊಳೆಯುವ ಕೆಂಪಿಗೆ ಮರುಳಾಗಿ ಬಿಡಿ ಪುಡಿ ಕೊಳ್ಳುವುದೂ ಸರಿಯಲ್ಲ. ಸೂಡಾನ್ ಎಂಬ ಕಾರ್ಖಾನೆಯ ಬಣ್ಣ ಬೆರೆತ ಖಾರದ ಪುಡಿಯಿಂದಾಗಿ 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಇಡೀ ಕಾಯಿ ತಂದು ಗಿರಣಿಯಲ್ಲಿ ಕುಟ್ಟಿಸುವ ನಮ್ಮ ಹಳೆಯ ರೂಢಿಯೇ ಲೇಸು.

ಇನ್ನು ಸಂಜೆಯ ಮಂಡಕ್ಕಿ ಮಿರ್ಚಿ! ಮೆಣಸಿನಕಾಯಿಯ ಒಳ್ಳೆಯ ಗುಣವನ್ನು ಬಾಣಲೆಯ ಎಣ್ಣೆ ನುಂಗಿಬಿಡುತ್ತದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಆ ಪುಂಡ ಕಣಗಳ ಸಂತತಿಯೇ ತುಂಬಿರುತ್ತದೆ. ಎಣ್ಣೆ ಕಪ್ಪಾಗಿ, ನೊರೆ ಎದ್ದು, ಹೊಗೆಯಾಡುತ್ತಿದ್ದರೆ ಆ ಗಾಡಿಯನ್ನು ದಾಟಿ ಮುಂದೆ ನಡೆಯಿರಿ.

ತಟ್ಟೆಯಲ್ಲಿ ಸತ್ತ ರೋಗಾಣು

‘ಈ ಎಲೆಯ ರಸ ರೋಗಾಣುಗಳನ್ನು ಕೊಲ್ಲುತ್ತದೆಂದು ಪ್ರಯೋಗಾಲಯದಲ್ಲಿ ಸಾಬೀತಾಗಿದೆ’ ಎಂಬ ಸುದ್ದಿಯನ್ನು ನೀವು ಓದಿರುತ್ತೀರಿ. ಆ ಪ್ರಯೋಗ ಹೇಗೆ ನಡೆಯುತ್ತದೆ ಗೊತ್ತೆ? ಗಾಜಿನ ತಟ್ಟೆಯಲ್ಲಿ ಗಟ್ಟಿ ಗಂಜಿಯಂಥ ಆಹಾರ ಹರಡಿ ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಎಲೆಯ ಸಾರದಲ್ಲಿ ಅದ್ದಿದ ಚಿಕ್ಕ ಕಾಗದದ ಬಿಲ್ಲೆಯನ್ನು ನಡುವೆ ಇಡುತ್ತಾರೆ. ಮರುದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬಳೆಯಾಕಾರದ ಜಾಗ ಕಂಡರೆ ಎಲೆಯಲ್ಲಿ ಶಕ್ತಿ ಇದೆ ಎಂದರ್ಥ.

ಒಳ್ಳೆಯ ಪ್ರಯೋಗವೇ. ಆದರೆ ಅದೇ ಬಿಲ್ಲೆಯನ್ನು ಫಿನಾಯಿಲಿನಲ್ಲಿ ಅದ್ದಿಟ್ಟರೂ ಅಂಥದೇ ಬಳೆ ಮೂಡುತ್ತದೆ. ಹಾಗೆಂದು ಫಿನಾಯಿಲ್ ಕುಡಿಯುತ್ತೇವೆಯೆ? ಇನ್ನೊಂದು ಲೆಕ್ಕ ಹಾಕೋಣ. ತಟ್ಟೆಯಲ್ಲಿ ಒಂದು ಮಿ.ಲೀ.ಗೆ 1 ಮಿ.ಗ್ರಾಂ ಸಾರ ಇದ್ದರೆ ರೋಗಾಣು ಸಾಯುತ್ತದೆ ಎಂದಿಟ್ಟುಕೊಳ್ಳಿ. ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ರಕ್ತದಲ್ಲಿ ಅಷ್ಟೇ ಸಾಂದ್ರತೆ ಬರಬೇಕಾದರೆ 5 ಗ್ರಾಂ ಶುದ್ಧ ಸಾರ ಒಮ್ಮೆಗೇ ರಕ್ತ ಸೇರಬೇಕು. ಸೊಪ್ಪಿನ ಲೆಕ್ಕದಲ್ಲಿ ಅದು ಇನ್ನೂ ಹಲವು ಪಟ್ಟು. ಅದೂ ಜಠರದ ಆಮ್ಲ, ಕರುಳು, ಯಕೃತ್ತುಗಳನ್ನು ದಾಟಿ ಹಾಳಾಗದೆ ಉಳಿದರೆ! ಗಂಟಲು ನೋವಿನ ಸಾಮಾನ್ಯ ರೋಗಾಣುವಿಗೆ ಪೆನಿಸಿಲಿನ್ ಆದರೆ ಒಂದು ಮಿ.ಲೀ.ಗೆ 1 ಮೈಕ್ರೋಗ್ರಾಂ, ಎಂದರೆ ಮಿ.ಗ್ರಾಮಿನ ಸಾವಿರದ ಒಂದಂಶ ಕೂಡ ಬೇಕಾಗುವುದಿಲ್ಲ.

ಅರಿಶಿನದ್ದೇ ಉದಾಹರಣೆ ನೋಡಿ. ಅದರ ಹಳದಿ ಅಂಶ ಕರ್ಕ್ಯುಮಿನ್, ಪುಡಿಯಲ್ಲಿ ಸುಮಾರು ನೂರಕ್ಕೆ ಮೂರು ಪಾಲು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ಅಷ್ಟನ್ನು ಪುಡಿಯಿಂದ ಪಡೆಯಬೇಕಾದರೆ 60 ಗ್ರಾಮಿಗೂ ಹೆಚ್ಚು ಅರಿಶಿನ ತಿನ್ನಬೇಕು. ಆದರೂ ರಕ್ತದಲ್ಲಿ ಕಂಡದ್ದು ಅತ್ಯಲ್ಪ. ಕಾಳುಮೆಣಸಿನ ಸಾರವಾದ ಪೈಪರಿನ್ 20 ಮಿ.ಗ್ರಾಂ ಸೇರಿಸಿ ಕೊಟ್ಟಾಗ ಅದು ಸುಮಾರು 20 ಪಟ್ಟು ಹೆಚ್ಚಿತು. ಅರಿಶಿನದ ಹಾಲಿಗೆ ಮೆಣಸಿನ ಪುಡಿ ಹಾಕುವ ರೂಢಿಗೆ ಇಲ್ಲೊಂದು ಸಮರ್ಥನೆ ಸಿಕ್ಕಿತೆನ್ನಬಹುದು. ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಿ. ಈ ಎರಡನ್ನೂ ಸಾಂದ್ರವಾಗಿ ಸೇರಿಸಿದ ಗುಳಿಗೆಗಳನ್ನು ನುಂಗಿದವರಲ್ಲಿ ಯಕೃತ್ತಿನ ಉರಿಯೂತ ಕಂಡುಬಂದ ವರದಿಗಳು ಇಟಲಿ, ಅಮೆರಿಕಗಳಿಂದ ಬಂದಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಈ ಭಯ ಬೇಡ.

ಕಾಮಾಲೆಯ ಸೊಪ್ಪು

ಮಳೆಗಾಲ ಬಂತೆಂದರೆ ತುಂಗಭದ್ರೆಯ ಎರಡೂ ದಂಡೆಯ ಊರುಗಳಲ್ಲಿ ಕಾಮಾಲೆಯ ಮಾತು ಕೇಳಿಬರುತ್ತದೆ. ಡಾಕ್ಟರ ಬಳಿ ಹೋಗುವ ಮುಂಚೆ ಸೊಪ್ಪು ಕೊಡುವವರ ಮನೆಗೆ ಹೋಗುವುದು ವಾಡಿಕೆ. ಅನೇಕರಿಗೆ ‘ವಾಸಿ’ಯೂ ಆಗುತ್ತದೆ. ಇದಕ್ಕೆ ಕಾರಣ ಸರಳ. ಕಲುಷಿತ ನೀರಿನಿಂದ ಬರುವ ‘ಎ’ ಜಾತಿಯ ಕಾಮಾಲೆ ಮಕ್ಕಳಲ್ಲಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಸೊಪ್ಪು ತಿಂದರೂ ಇಳಿಯುತ್ತದೆ, ತಿನ್ನದಿದ್ದರೂ ಇಳಿಯುತ್ತದೆ. ಹೆಸರು ಮಾತ್ರ ಸೊಪ್ಪಿಗೆ.

ಹಾಗಾದರೆ ಸೊಪ್ಪನ್ನು ಪರೀಕ್ಷಿಸಿ ನೋಡಲಿಲ್ಲವೇ? ನೋಡಿದ್ದಾರೆ. ಕಾಮಾಲೆಗೆ ಹೆಸರಾದ ಕಿರುನೆಲ್ಲಿಯನ್ನು (ನೆಲನೆಲ್ಲಿ) ಮದ್ರಾಸಿನ ವೈದ್ಯರು ರಕ್ತದಿಂದ ಹರಡುವ ‘ಬಿ’ ಜಾತಿಯ ವೈರಸ್ ಇದ್ದವರಿಗೆ 30 ದಿನ ಕೊಟ್ಟರು. 1988ರಲ್ಲಿ ಇಂಗ್ಲೆಂಡಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಸೊಪ್ಪಿನ ಪುಡಿ ತಿಂದ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಜಗತ್ತೇ ಕಿವಿ ನಿಮಿರಿಸಿತು. ಒಡನೆಯೇ ಥಾಯ್ಲೆಂಡಿನ ವೈದ್ಯರು ತಮ್ಮಲ್ಲಿ ಬೆಳೆದ ಅದೇ ಗಿಡವನ್ನು ರೋಗಲಕ್ಷಣವಿಲ್ಲದ ವಾಹಕರಿಗೆ ಕೊಟ್ಟು ನೋಡಿದರು. 1990ರಲ್ಲಿ ಅದೇ ಪತ್ರಿಕೆಯಲ್ಲಿ ಅವರ ವರದಿ ಬಂತು. ಫಲ ಕಾಣಲಿಲ್ಲ!

ಇದರಿಂದ ಮದ್ರಾಸಿನವರು ಸುಳ್ಳು ಹೇಳಿದರೆಂದು ಅರ್ಥವಲ್ಲ. ಬೆಳೆದ ನೆಲ, ಕೊಯ್ದ ಕಾಲ, ಗಿಡದ ಒಳಜಾತಿ, ರೋಗದ ಹಂತ ಇವೆಲ್ಲ ಬೇರೆಯಾದರೆ ಫಲವೂ ಬೇರೆಯಾದೀತು. ಆದರೆ ಒಂದು ಕಡೆ ಫಲಿಸಿದ್ದು ಇನ್ನೊಂದು ಕಡೆಯೂ ಫಲಿಸುವವರೆಗೆ ಅದನ್ನು ಔಷಧ ಎಂದು ನೆಚ್ಚಿಕೊಳ್ಳಲು ಆಗುವುದಿಲ್ಲ. ‘ಬಿ’ ಕಾಮಾಲೆಗೆ ಇಂದು ಭರವಸೆಯ ದಾರಿ ಇದೆ: ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ, ನಂತರ 6, 10, 14ನೇ ವಾರದಲ್ಲಿ ಮತ್ತೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಸೊಪ್ಪಿನ ನಂಬಿಕೆಯಲ್ಲಿ ಕಾಲ ಕಳೆಯುವುದು ಎಲ್ಲಕ್ಕಿಂತ ಅಪಾಯ ಗರ್ಭಿಣಿಯರಿಗೆ. ನೀರಿನಿಂದಲೇ ಬರುವ ‘ಇ’ ಜಾತಿಯ ಕಾಮಾಲೆ ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಗಿದರೆ ಐವರಲ್ಲಿ ಒಬ್ಬಾಕೆಯ ಜೀವವನ್ನೇ ತೆಗೆಯಬಲ್ಲದು. ಕಣ್ಣು ಹಳದಿಯಾದ ಗರ್ಭಿಣಿಯನ್ನು ಅದೇ ದಿನ ಆಸ್ಪತ್ರೆಗೆ ಕರೆತನ್ನಿ. ಯಾರಿಗೇ ಆಗಲಿ, ಕಾಮಾಲೆಯೊಂದಿಗೆ ವಿಪರೀತ ನಿದ್ದೆ, ಮಾತಿನಲ್ಲಿ ಗೊಂದಲ, ನಿಲ್ಲದ ವಾಂತಿ, ಎಲ್ಲಿಂದಾದರೂ ರಕ್ತಸ್ರಾವ ಕಂಡರೆ ಒಂದು ಗಂಟೆಯೂ ಕಾಯಬಾರದು.

ಗಾಯ ಮತ್ತು ಅರಿಶಿನ

ಗಾಯಕ್ಕೆ ಅರಿಶಿನ ಹಚ್ಚುವುದರ ಮೇಲೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದುಮಾಡಿಸಿತು. ಹೆಮ್ಮೆಯ ವಿಷಯವೇ. ಆದರೆ ಅಲ್ಲಿ ತೀರ್ಮಾನವಾದದ್ದು ‘ಇದು ಹೊಸ ಸಂಶೋಧನೆಯಲ್ಲ’ ಎಂದು. ಅಡುಗೆಮನೆಯ ಡಬ್ಬಿಯ ಅರಿಶಿನವನ್ನು ಯಾವ ಗಾಯಕ್ಕಾದರೂ ಸುರಿಯಬಹುದು ಎಂದಲ್ಲ.

ಡಬ್ಬಿಯ ಪುಡಿ ಶುದ್ಧವಾಗಿರುವುದಿಲ್ಲ. ಅದಕ್ಕೆ ಒದ್ದೆ ಚಮಚ, ಧೂಳು ತಾಗಿರುತ್ತವೆ. ಕಲಬೆರಕೆಯ ಬಣ್ಣವೂ ಇರಬಹುದು. ಕುಡಗೋಲಿನಿಂದಲೋ ಕುಂಟೆಯಿಂದಲೋ ಆದ ಆಳವಾದ ಗಾಯದಲ್ಲಿ ಮಣ್ಣು, ಸಗಣಿಯ ಮೂಲಕ ಧನುರ್ವಾಯುವಿನ ರೋಗಾಣು ಹೊಕ್ಕಿರಬಹುದು. ಅದು ಗಾಳಿಯಿಲ್ಲದ ಜಾಗದಲ್ಲೇ ಬೆಳೆಯುವಂಥದು. ಮೇಲೆ ಪುಡಿ ತುಂಬಿ ಬಟ್ಟೆ ಬಿಗಿದರೆ ಅದಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ಸಕ್ಕರೆ ಕಾಯಿಲೆ ಇರುವವರ ಕಾಲಿನ ಗಾಯ ಇನ್ನೂ ಮೋಸದ್ದು. ನೋವೇ ಗೊತ್ತಾಗುವುದಿಲ್ಲ. ಸೊಪ್ಪು ಅರೆದು ಕಟ್ಟಿ, ಎರಡು ವಾರ ಬಿಟ್ಟು, ಬೆರಳು ಕಪ್ಪಾದ ಮೇಲೆ ಬರುವವರನ್ನು ನಾನು ಪ್ರತಿವರ್ಷ ನೋಡುತ್ತೇನೆ. ತಮಗೆ ಸಕ್ಕರೆ ಕಾಯಿಲೆ ಇದೆ ಎಂಬುದೇ ಅವರಲ್ಲಿ ಕೆಲವರಿಗೆ ಅಂದು ತಿಳಿಯುತ್ತದೆ. ಆ ಹೊತ್ತಿಗೆ ಬೆರಳನ್ನು ಉಳಿಸಿಕೊಳ್ಳುವುದು ಕಷ್ಟ.

ಗಾಯವಾದಾಗ ಮೊದಲ ಮದ್ದು ನೀರು. ಹರಿಯುವ ಶುದ್ಧ ನೀರು ಮತ್ತು ಸೋಪಿನಿಂದ ಚೆನ್ನಾಗಿ ತೊಳೆದು, ಒಗೆದ ಬಟ್ಟೆ ಸುತ್ತಿ, ಧನುರ್ವಾಯುವಿನ ಚುಚ್ಚುಮದ್ದಿಗೆ ಆಸ್ಪತ್ರೆಗೆ ಬನ್ನಿ. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಸಿ. ಸೊಪ್ಪು, ಮಸಿ, ಟೂತ್ ಪೇಸ್ಟ್ ಏನೂ ಬೇಡ. ಕಣ್ಣಿಗಂತೂ ಯಾವ ಎಲೆಯ ರಸವನ್ನೂ ಹಿಂಡಬೇಡಿ. ಸುಗ್ಗಿಯಲ್ಲಿ ಜೋಳದ ರವದಿ ತಾಗಿದ ಕಣ್ಣಿಗೆ ರಸ ಹಾಕಿ, ಕರಿಗುಡ್ಡೆಯಲ್ಲಿ ಹುಣ್ಣಾಗಿ ದೃಷ್ಟಿ ಕಳೆದುಕೊಂಡರೆ ತುಂಬಲಾರದ ನಷ್ಟ.

ಯಾವುದು ಎಷ್ಟಕ್ಕೆ?

*ನೆಲ್ಲಿಕಾಯಿ:* 100 ಗ್ರಾಂನಲ್ಲಿ ಸುಮಾರು 250ರಿಂದ 600 ಮಿ.ಗ್ರಾಂ ‘ಸಿ’ ಜೀವಸತ್ವ. ದೊಡ್ಡವರಿಗೆ ದಿನಕ್ಕೆ 80 ಮಿ.ಗ್ರಾಂ ಸಾಕು. ಒಂದು ನೆಲ್ಲಿಕಾಯಿ ಅಥವಾ ಪೇರಲ ಹಣ್ಣು ಇದ್ದರೆ ಮಾತ್ರೆ ಬೇಡ.

*ಬೆಳ್ಳುಳ್ಳಿ:* ಜಜ್ಜಿದಾಗ ಮಾತ್ರ ಅಲಿಸಿನ್ ಎಂಬ ರೋಗಾಣುನಾಶಕ ಉಂಟಾಗುತ್ತದೆ. ಇಡೀ ಎಸಳನ್ನು ನುಂಗಿದರೆ ಪ್ರಯೋಜನ ಕಡಿಮೆ. ಅರೆದು ಚರ್ಮಕ್ಕೆ ಕಟ್ಟಿದರೆ ಬೊಬ್ಬೆ ಏಳುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಅತಿಯಾಗಿ ಸೇವಿಸಬಾರದು.

*ಲವಂಗ:* ಇದರ ಯೂಜಿನಾಲ್ ಅನ್ನು ದಂತವೈದ್ಯರೂ ಬಳಸುತ್ತಾರೆ. ಹಲ್ಲುನೋವಿಗೆ ಒಂದು ರಾತ್ರಿ ಕಳೆಯಲು ಸಹಾಯಕ. ಹುಳುಕು ಮಾತ್ರ ಹಾಗೇ ಉಳಿಯುತ್ತದೆ.

*ಬೇವು:* ಬೇವಿನ ಕಡ್ಡಿಯಿಂದ ಹಲ್ಲುಜ್ಜಬಹುದು. ಬೇವಿನ ಎಣ್ಣೆಯನ್ನು ಮಕ್ಕಳಿಗೆ ಕುಡಿಸಬಾರದು. ಅದರಿಂದ ಹಸುಳೆಗಳಿಗೆ ಫಿಟ್ಸ್ ಬಂದು, ಮೆದುಳು ಮತ್ತು ಯಕೃತ್ತು ಕೆಟ್ಟು ಸಾವು ಸಂಭವಿಸಿದ ಪ್ರಕರಣಗಳು ಮಲೇಷಿಯಾದಿಂದ ವರದಿಯಾಗಿವೆ.

*ವೀಳ್ಯದೆಲೆ:* ನಮ್ಮ ಸವಣೂರಿನ ಎಲೆಗೆ ಒಳ್ಳೆಯ ಹೆಸರು. ಎಲೆಯಲ್ಲಿ ರೋಗಾಣು ತಡೆಯುವ ಅಂಶಗಳಿವೆ. ಜೊತೆಗೆ ಹೋಗುವ ಅಡಿಕೆಯನ್ನು 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ತಂಬಾಕಿನ ಮಾತು ಹೇಳಬೇಕಾಗಿಯೇ ಇಲ್ಲ.

*ಅಮೃತಬಳ್ಳಿ:* ಕೋವಿಡ್ ಕಾಲದಲ್ಲಿ ಇದರ ಕಷಾಯ ಮನೆಮನೆಗೂ ಬಂತು. 2021ರಲ್ಲಿ ಮುಂಬಯಿಯ ಯಕೃತ್ ತಜ್ಞರು ಇದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪದೆ, ಅದನ್ನೇ ಹೋಲುವ ಬೇರೆ ಬಳ್ಳಿ ಸೇರಿರಬಹುದು ಎಂದಿತು. ವಾದ ಏನೇ ಇರಲಿ, ಬಳ್ಳಿಯ ಗುರುತು ಸಿಗದವರು, ಯಕೃತ್ತಿನ ತೊಂದರೆ ಇರುವವರು ತಿಂಗಳುಗಟ್ಟಲೆ ಕುಡಿಯದಿರುವುದೇ ಕ್ಷೇಮ.

ಓದುಗರು ಕೇಳುವುದು

*‘ಕ್ವಿನೈನ್ ಕೂಡ ಗಿಡದಿಂದಲೇ ಬಂದದ್ದಲ್ಲವೇ?’*

ಹೌದು. ಮಲೇರಿಯಾದ ಇಂದಿನ ಮುಖ್ಯ ಔಷಧ ಆರ್ಟಿಮಿಸಿನಿನ್ ಕೂಡ ಚೀನಾದ ಹಳೆಯ ಮನೆಮದ್ದಿನ ಗಿಡದಿಂದಲೇ ಬಂತು. ಅದನ್ನು ಬೇರ್ಪಡಿಸಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ದೊರೆಯಿತು. ಅವರು ಗಿಡವನ್ನು ನಂಬಿ ಕೂರಲಿಲ್ಲ. ಸಾರ ತೆಗೆದರು, ಅಳೆದರು, ಪರೀಕ್ಷಿಸಿದರು. ಆದ್ದರಿಂದಲೇ ಅದು ಔಷಧವಾಯಿತು.

*‘ಶೀತ ಕೆಮ್ಮಿಗೆ ಕಷಾಯ ಕುಡಿಯಬಹುದೇ?’*

ಧಾರಾಳವಾಗಿ. ನೆಗಡಿ ವೈರಸ್ಸಿನಿಂದ ಬರುವುದು. ಅದಕ್ಕೆ ಆ್ಯಂಟಿಬಯೋಟಿಕ್ ಬೇಕಿಲ್ಲ. ಶುಂಠಿ, ತುಳಸಿಯ ಬಿಸಿ ಕಷಾಯ ಗಂಟಲಿಗೆ ಹಿತ. ನೆಗಡಿಗೆಲ್ಲ ಔಷಧ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ಎರಡು ದಿನ ನುಂಗಿ ಬಿಡುವುದರಿಂದ ರೋಗಾಣುಗಳು ಮದ್ದಿಗೆ ಬಗ್ಗದಂತಾಗುತ್ತವೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರೇ 1945ರಲ್ಲಿ ಈ ಎಚ್ಚರಿಕೆ ಕೊಟ್ಟಿದ್ದರು. ಇಂಥ ಕಡೆ ನಮ್ಮ ಅಜ್ಜಿಯ ಕಷಾಯವೇ ಜಾಣತನ. ಆದರೆ ಉಬ್ಬಸ, ಮೂರು ದಿನ ಮೀರಿದ ಜ್ವರ, ಎರಡು ವಾರ ಮೀರಿದ ಕೆಮ್ಮು ಇದ್ದರೆ ಕಷಾಯ ಕೆಳಗಿಟ್ಟು ವೈದ್ಯರನ್ನು ಕಾಣಿ.

*‘ನಾಟಿ ಪುಡಿಯಿಂದ ಮಂಡಿನೋವು ಎರಡೇ ದಿನದಲ್ಲಿ ಮಾಯವಾಯಿತು. ಮುಂದುವರಿಸಲೇ?’*

ಅಷ್ಟು ಬೇಗ ಮಾಯವಾದರೆ ಸಂಶಯಪಡಿ. ಹೆಸರು, ತಯಾರಕರ ವಿಳಾಸ ಇಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು ಆಮೇಲಿನ ಕಥೆ. ಬಹಳ ದಿನ ತಿಂದಿದ್ದರೆ ಒಮ್ಮೆಲೇ ನಿಲ್ಲಿಸದೆ, ಪೊಟ್ಟಣದೊಂದಿಗೆ ವೈದ್ಯರ ಬಳಿ ಹೋಗಿ.

ನೆನಪಿಡಿ

• ಹಣ್ಣು, ತರಕಾರಿ, ಸೊಪ್ಪು, ಮಸಾಲೆಗಳನ್ನು ಆಹಾರವಾಗಿ ಬಗೆಬಗೆಯಾಗಿ ತಿನ್ನಿ. ಸಾರ ತೆಗೆದ ಗುಳಿಗೆಯಾಗಿ ಬೇಡ.

• ಹಾವು ಕಚ್ಚಿದರೆ, ನಾಯಿ ಕಚ್ಚಿದರೆ, ಎದೆನೋವು ಬಂದರೆ ಯಾವ ಗಿಡವೂ ಮದ್ದಲ್ಲ. ನೇರವಾಗಿ ಆಸ್ಪತ್ರೆಗೆ.

• ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಸೊಪ್ಪಿನ ಭರವಸೆಯಲ್ಲಿ ನಿಲ್ಲಿಸಬೇಡಿ.

• ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರು, ಆಪರೇಷನ್ನಿಗೆ ದಿನ ಗೊತ್ತಾದವರು ಏನನ್ನು ಸೇವಿಸುತ್ತಿದ್ದೀರಿ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ. ಬೈಯುತ್ತಾರೆಂಬ ಭಯ ಬೇಡ. ತಿಳಿಯದಿದ್ದರೆ ಅವರಿಗೂ ದಾರಿ ತಪ್ಪುತ್ತದೆ.

• ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ, ಎಲೆರಸ, ಎಣ್ಣೆ ಯಾವುದನ್ನೂ ನೆಕ್ಕಿಸಬೇಡಿ.

ಹಿತ್ತಲಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಒಂದು ಪೇರಲ, ನಾಲ್ಕು ಮಡಿ ಸೊಪ್ಪು ಇದ್ದ ಮನೆಗೆ ಟಾನಿಕ್ ಬಾಟಲಿ ಬೇಕಾಗುವುದು ಅಪರೂಪ. ಆ ಗಿಡಗಳನ್ನು ದಿನವೂ ತಟ್ಟೆಗೆ ತನ್ನಿ. ಕಾಯಿಲೆ ಬಂದಾಗ ಮಾತ್ರ, ಅದು ಯಾವ ಕಾಯಿಲೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಮದ್ದಿನ ಮಾತು ಆಮೇಲೆ.